ಅಂಡರ್‌ಪಾಸ್ ನೀರಲ್ಲಿ ಕಾರು ನಿಂತಿತು, ತಪ್ಪು ನನ್ನದೇ ಅಂತ ಇನ್ಶೂರೆನ್ಸ್‌ನವರು ಬರೆದಿದ್ದಾರೆ. ಏನು ಮಾಡಲಿ?

ಹೊರಮಾವಿನವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ನಾಲ್ಕು ದಿನದಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ.

ಮೇ 18ರ ಭಾನುವಾರ ರಾತ್ರಿ ಬೆಂಗಳೂರಲ್ಲಿ ಸುರಿದ ಮಳೆ ಎಲ್ಲರಿಗೂ ನೆನಪಿರುತ್ತೆ. ಬೆಳಗಾಗುವಷ್ಟರಲ್ಲಿ 100 ಮಿಲಿಮೀಟರ್‌ಗೂ ಜಾಸ್ತಿ ಬಿದ್ದಿತ್ತು. ನಮ್ಮ ಕಡೆ ಸಾಯಿ ಲೇಔಟ್‌ನಲ್ಲಿ ಮನೆಯೊಳಗೇ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಹೊರಗೆ ತಂದರು. ನಾನು ಆ ರಾತ್ರಿ ನಾಗವಾರದ ಅಕ್ಕನ ಮನೆಯಿಂದ ವಾಪಸ್ ಬರುತ್ತಿದ್ದೆ. ಹಿಂದಿನ ಸೀಟಲ್ಲಿ ಆರು ವರ್ಷದ ಮಗ ಮಲಗಿದ್ದ. ರೈಲ್ವೆ ಅಂಡರ್‌ಪಾಸ್ ಹತ್ತಿರ ನೀರು ನಿಂತಿತ್ತು, ಆದರೆ ಅರ್ಧ ಚಕ್ರಕ್ಕಿಂತ ಜಾಸ್ತಿ ಇರಲಿಲ್ಲ. ನನ್ನ ಮುಂದೆ ಒಂದು ಕಾರು ಆರಾಮಾಗಿ ದಾಟಿತು. ನಾನೂ ಫಸ್ಟ್ ಗೇರಲ್ಲಿ ಮೆಲ್ಲಗೆ ಹೊರಟೆ. ಮಧ್ಯಕ್ಕೆ ಬಂದಾಗ ಎದುರಿಂದ ಒಂದು ಟೆಂಪೊ ಜೋರಾಗಿ ಬಂತು, ಅದು ಎಬ್ಬಿಸಿದ ಅಲೆ ಬಾನೆಟ್ ಮೇಲೆ ಬಂದು ಬಡಿಯಿತು, ಒಂದು ಸಲ ಗಡಕ್ ಅಂತ ಸದ್ದಾಗಿ ಎಂಜಿನ್ ನಿಂತೇ ಹೋಯಿತು.

ಯಜಮಾನರು ಹುಬ್ಬಳ್ಳಿಯಲ್ಲಿದ್ದರು. ಫೋನ್ ಮಾಡಿದೆ. "ಕೀ ಆಫ್ ಮಾಡು, ಮತ್ತೆ ಸ್ಟಾರ್ಟ್ ಮಾತ್ರ ಮಾಡಬೇಡ" ಅಂದರು. ಆಫ್ ಮಾಡಿದೆ. ಅಷ್ಟರಲ್ಲಿ ನೀರು ಏರತೊಡಗಿತು, ಕಾಲ ಹತ್ತಿರ ಮ್ಯಾಟು ತೇಲುತ್ತಿತ್ತು. ಬಾಗಿಲು ತಳ್ಳಿದರೆ ತೆರೆಯುತ್ತಿಲ್ಲ. 2023ರಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಲ್ಲಿ ಸಿಕ್ಕಿಕೊಂಡು ಒಬ್ಬ ಹುಡುಗಿ ಸತ್ತಳಲ್ಲ, ನನಗೆ ಆಗ ತಲೆಯಲ್ಲಿ ಅದೊಂದೇ. ಗಾಜು ಇಳಿಸಬೇಕು ಅಂತ ಕೀಯನ್ನು ಒಂದು ಹಂತ ತಿರುಗಿಸಿದೆ, ಡ್ಯಾಶ್‌ಬೋರ್ಡ್ ದೀಪ ಹತ್ತಿತು, ಗಾಜು ಇಳಿಯಿತು, ತಕ್ಷಣ ಆಫ್ ಮಾಡಿದೆ. ಸ್ಟಾರ್ಟ್ ಮಾಡಲಿಲ್ಲ. ಇಬ್ಬರು ಹುಡುಗರು ನೀರಲ್ಲಿ ಇಳಿದು ಬಂದು ಮಗನನ್ನು ಕಿಟಕಿಯಿಂದ ಎತ್ತಿಕೊಂಡರು, ಆಮೇಲೆ ಕಾರನ್ನು ತಳ್ಳಿ ಮೇಲೆ ತಂದರು. ಅವರ ಹೆಸರೂ ಕೇಳಲಿಲ್ಲ ನಾನು.

ಮಾರನೇ ದಿನ ಟೋಯಿಂಗ್ ಮಾಡಿಸಿ ವರ್ಕ್‌ಶಾಪಿಗೆ ಹಾಕಿದೆವು. ಅದಕ್ಕೇ 4,500 ಆಯಿತು. ಮೂರನೇ ದಿನ ಹಾನಿ ನೋಡಲು ಇನ್ಶೂರೆನ್ಸ್ ಕಡೆಯ ಸರ್ವೇಯರ್ ಬಂದರು. ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಿದರು, ಫಿಲ್ಟರ್ ನೆನೆದು ಮುದ್ದೆಯಾಗಿತ್ತು, ಮಡಿಕೆಗಳ ನಡುವೆ ಹೊಂಗೆ ಎಲೆಯ ಒಂದು ತುಂಡು ಅಂಟಿಕೊಂಡಿತ್ತು. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಮೇಡಂ, ನಿಂತ ಮೇಲೆ ಕೀ ತಿರುಗಿಸಿದ್ರಾ?" ನಾನು "ಹೌದು ಸರ್, ಗಾಜು ಇಳಿಸೋಕೆ" ಅಂದೆ. ಅವರು ಬರೆದುಕೊಂಡರು.

ಈಗ ಪತ್ರ ಬಂದಿದೆ. ನೀರು ನಿಂತ ಜಾಗದಲ್ಲಿ ಮಾಲೀಕರು ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಹೈಡ್ರೋಲಾಕ್ ಆಗಿದೆ (ಒಳಗೆ ನೀರು ಹೋಗಿ ಜಾಮ್ ಆಗಿದೆ), ಇದು ಮಾಲೀಕರ ನಿರ್ಲಕ್ಷ್ಯ, ಕಾನ್ಸಿಕ್ವೆನ್ಷಿಯಲ್ ಲಾಸ್ (ನೇರವಾಗಿ ಆಗದೆ ಆಮೇಲೆ ಬೆನ್ನಿಗೆ ಬಂದ ನಷ್ಟ), ಪಾಲಿಸಿಯಲ್ಲಿ ಬರಲ್ಲ ಅಂತ. ಎಂಜಿನ್ ಕೆಲಸದ ಎಸ್ಟಿಮೇಟ್ 1,42,000. ಅವರು ಒಪ್ಪಿರುವುದು ಕಾರ್ಪೆಟ್, ಒಳಗಿನ ಕ್ಲೀನಿಂಗ್ ಎಲ್ಲ ಸೇರಿ 18,600 ಅಷ್ಟೇ. "ಮತ್ತೆ ಮತ್ತೆ" ಅನ್ನೋ ಮಾತು ಎಲ್ಲಿಂದ ಬಂತು? ನಾನು ಹೇಳಿಯೇ ಇಲ್ಲ. ಕ್ಲೇಮ್ ಫಾರಂ ವರ್ಕ್‌ಶಾಪಿನ ಹುಡುಗ ತುಂಬಿದ್ದ, ನಾನು ಸಹಿ ಹಾಕಿದ್ದೆ. ಈಗ ತೆಗೆದು ನೋಡಿದರೆ ಅದರಲ್ಲಿ "ನೀರಲ್ಲಿ ನಿಂತಿತು, ಟ್ರೈ ಮಾಡಿದರೂ ಸ್ಟಾರ್ಟ್ ಆಗಲಿಲ್ಲ" ಅಂತ ಇದೆ. ಎದೆ ಧಸಕ್ ಅಂತು.

ಕಾರು ಪೆಟ್ರೋಲ್, 1197 ಸಿಸಿ, ಮೂರನೇ ವರ್ಷ. ಝೀರೋ ಡೆಪ್ (ಪಾರ್ಟಿನ ಸವಕಳಿ ಕಳೆಯದೆ ಕೊಡುವ ಕವರ್) ಇದೆ. ಎಂಜಿನ್ ಪ್ರೊಟೆಕ್ಟ್ ತಗೊಂಡಿಲ್ಲ. ವರ್ಕ್‌ಶಾಪಿನವರು ಬೇಗ ತೀರ್ಮಾನ ಮಾಡಿ, ಇಲ್ಲಾಂದ್ರೆ ದಿನಕ್ಕೆ 300 ಪಾರ್ಕಿಂಗ್ ಹಾಕುತ್ತೇವೆ ಅನ್ನುತ್ತಿದ್ದಾರೆ. ಇದನ್ನು ಪ್ರಶ್ನೆ ಮಾಡಬಹುದಾ? ಎಲ್ಲಿಂದ ಶುರು ಮಾಡಲಿ?

ರಿಂಗ್‌ರೋಡ್ ರಾಯ

ಮೇಡಂ, ಮೊದಲು ನೀವೂ ಮಗುವೂ ಹುಷಾರಾಗಿ ಹೊರಗೆ ಬಂದಿರಲ್ಲ, ಅದು ದೊಡ್ಡದು.

ಕ್ಲೇಮ್ ವಿಷಯ ಮಾತ್ರ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ಆಡ್‌ಆನ್ (ಜಾಸ್ತಿ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಕವರ್) ಮಾರುವುದೇ ಇಂಥದ್ದಕ್ಕೆ. ಅದು ಇಲ್ಲದಿದ್ದರೆ ಎಂಜಿನ್ ಒಳಗೆ ನೀರು ಹೋದ ಕೇಸುಗಳನ್ನು ಕಂಪನಿಗಳು ಕಣ್ಣುಮುಚ್ಚಿ ತಳ್ಳಿಹಾಕುತ್ತವೆ. 2022ರ ಸೆಪ್ಟೆಂಬರಲ್ಲಿ ಔಟರ್ ರಿಂಗ್ ರೋಡ್, ಯಮಲೂರು ಕಡೆ ಎಲ್ಲ ಮುಳುಗಿದಾಗ ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲೇ ಹನ್ನೊಂದು ಕಾರು ನೀರಲ್ಲಿದ್ದವು. ಸುಮ್ಮನೆ ನಿಂತಿದ್ದ ಕಾರುಗಳಿಗೆ ದುಡ್ಡು ಬಂತು, ಯಾಕಂದ್ರೆ ಯಾರೂ ಮುಟ್ಟಿರಲಿಲ್ಲ. ಓಡಿಸುತ್ತಿದ್ದಾಗ ನಿಂತ ಎರಡು ಕಾರುಗಳಿಗೆ ಬರಲಿಲ್ಲ. ಆ ಇಬ್ಬರೂ ಜಗಳ ಆಡಲಿಲ್ಲ, ಕೈಯಿಂದ ಕಟ್ಟಿದರು. ಆಡಿದ್ದರೆ ಏನಾಗುತ್ತಿತ್ತೋ. ಕಷ್ಟ ಇದೆ ಅಂತ ತಿಳಿದುಕೊಂಡೇ ಇಳಿಯಿರಿ.

ಸ್ಪ್ಯಾನರ್ ಅಣ್ಣ

ಪೀಣ್ಯದಲ್ಲಿ 19 ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದೇನೆ. ಮಳೆಗಾಲದಲ್ಲಿ ಇಂಥ ಎಂಜಿನ್ ಎಷ್ಟು ಬಿಚ್ಚಿದ್ದೇನೋ ಲೆಕ್ಕ ಇಟ್ಟಿಲ್ಲ. ಅಕ್ಕಾ, ನೀವು ಹೇಳಿದ "ಗಡಕ್" ಸದ್ದು ಇದೆಯಲ್ಲ, ಇಡೀ ಕೇಸು ಇರುವುದು ಅಲ್ಲೇ.

ಎಂಜಿನ್ ಒಳಗೆ ಏನಾಗುತ್ತೆ ಅಂದ್ರೆ, ಪಿಸ್ಟನ್ ಮೇಲೆ ಬಂದು ಗಾಳಿಯನ್ನು ಒತ್ತಬೇಕು. ಗಾಳಿ ಒತ್ತಿಕೊಳ್ಳುತ್ತೆ, ನೀರು ಒತ್ತಿಕೊಳ್ಳಲ್ಲ. ಓಡುತ್ತಿರುವ ಎಂಜಿನ್ ಒಂದು ಲೋಟದಷ್ಟು ನೀರು ಎಳೆದುಕೊಂಡರೂ ಸಾಕು, ಪಿಸ್ಟನ್ ಮೇಲೆ ಬರಲಾಗದೆ ಗಕ್ಕನೆ ನಿಲ್ಲುತ್ತೆ. ಆದರೆ ಫ್ಲೈವೀಲು, ಕ್ರ್ಯಾಂಕು ಇನ್ನೂ ಸುತ್ತುವ ರಭಸದಲ್ಲಿ ಇರುತ್ತವೆ. ಆ ರಭಸ ಪೂರ್ತಿ ಪಿಸ್ಟನ್ನನ್ನೂ ಕ್ರ್ಯಾಂಕನ್ನೂ ಜೋಡಿಸುವ ಕನೆಕ್ಟಿಂಗ್ ರಾಡಿನ ಮೇಲೆ ಬೀಳುತ್ತೆ, ರಾಡು ಬಗ್ಗುತ್ತೆ. ಅಂದ್ರೆ ಅಲೆ ಬಡಿದ ಆ ಕ್ಷಣದಲ್ಲೇ ಕೆಲಸ ಕೆಟ್ಟಿರುತ್ತೆ. ಆಮೇಲೆ ನೀವು ಕೀ ಮುಟ್ಟಿದ್ದೀರೋ ಬಿಟ್ಟಿದ್ದೀರೋ, ರಾಡಿಗೆ ಅದು ಗೊತ್ತಿಲ್ಲ.

ನಿಂತ ಎಂಜಿನ್ನನ್ನು ಸ್ಟಾರ್ಟರ್ ಮೋಟರ್ ತಿರುಗಿಸುವುದು ನಿಮಿಷಕ್ಕೆ 200-300 ಸುತ್ತು ಅಷ್ಟೇ. ಸಿಲಿಂಡರಲ್ಲಿ ನೀರು ಇದ್ದರೆ ಸಾಮಾನ್ಯವಾಗಿ ಟಕ್ ಅಂತ ಹೇಳಿ ನಿಂತುಬಿಡುತ್ತೆ. ಅದರಿಂದ ರಾಡು ಬಗ್ಗುವುದೇ ಇಲ್ಲ ಅಂತ ನಾನು ಹೇಳಲ್ಲ, ಒಂದೊಂದು ಸಲ ಸ್ವಲ್ಪ ಬಗ್ಗಿದ್ದನ್ನು ನೋಡಿದ್ದೇನೆ. ಆದರೆ ಕಣ್ಣಿಗೆ ಕಾಣುವಷ್ಟು ಜೋರಾಗಿ ಬಗ್ಗಿದ್ದರೆ ಅದು ಓಡುತ್ತಿದ್ದಾಗ ಆದದ್ದು ಅಂತಲೇ ನನ್ನ ಅನುಭವ.

ಈಗ ಮೂರು ಕೆಲಸ ಮಾಡಿ, ನಾಳೆನೇ. ವರ್ಕ್‌ಶಾಪಿಗೆ ಹೋಗಿ ಬಗ್ಗಿದ ರಾಡನ್ನು ನೆಟ್ಟಗಿರುವ ರಾಡಿನ ಪಕ್ಕ ಇಟ್ಟು, ಸ್ಕೇಲ್ ಹಿಡಿದು ಫೋಟೊ ತೆಗೆಯಿರಿ. ಬಿಚ್ಚಿದ ಯಾವ ಪಾರ್ಟನ್ನೂ ಗುಜರಿಗೆ ಹಾಕಬೇಡಿ ಅಂತ ಈಮೇಲಲ್ಲಿ ಬರೆದು ಕೊಡಿ, ಬಾಯಲ್ಲಿ ಹೇಳಿದರೆ ಆಗಲ್ಲ. ಮೂರನೇದು ಎಲ್ಲಕ್ಕಿಂತ ಮುಖ್ಯ. ಸ್ಕ್ಯಾನರ್ ಹಾಕಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ರಿಪೋರ್ಟ್ ತೆಗೆಸಿ. ಎಂಜಿನ್ ನಿಂತಾಗ ಯಾವುದಾದರೂ ಫಾಲ್ಟ್ ಕೋಡ್ ಬಿದ್ದಿದ್ದರೆ ಅದರ ಜೊತೆ ಫ್ರೀಝ್ ಫ್ರೇಮ್ ಅಂತ ಇರುತ್ತೆ, ಆ ಕ್ಷಣಕ್ಕೆ ಎಂಜಿನ್ ಎಷ್ಟು ಆರ್‌ಪಿಎಮ್, ಗಾಡಿ ಎಷ್ಟು ಸ್ಪೀಡಲ್ಲಿತ್ತು ಅಂತ ಅದರಲ್ಲಿ ಉಳಿದಿರುತ್ತೆ. ಕೋಡ್ ಕ್ಲಿಯರ್ ಮಾಡಿಬಿಟ್ಟರೆ ಹೋಯಿತು. ಅದಕ್ಕೇ ತಡ ಮಾಡಬೇಡಿ.

ಹೊರಮಾವಿನವಳು

ಅಣ್ಣಾ, ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆನೇ ಹೋಗಿ ಬಂದೆ. ಪಾರ್ಟುಗಳನ್ನು ಒಂದು ತಗಡಿನ ತಟ್ಟೆಯಲ್ಲಿ ಹಾಕಿ ಮೂಲೆಗೆ ಇಟ್ಟಿದ್ದರು. ನಾಲ್ಕು ರಾಡಲ್ಲಿ ಎರಡು ನೆಟ್ಟಗಿವೆ, ಒಂದು ಸ್ವಲ್ಪ ಬಾಗಿದೆ, ಇನ್ನೊಂದನ್ನು ನೋಡಿ ನನಗೇ ಹೊಟ್ಟೆಯಲ್ಲಿ ಏನೋ ಆಯಿತು, ಹಸಿ ಹುಣಸೆಕಾಯಿ ಥರ ವಾಲಿಕೊಂಡಿದೆ. ಫೋಟೊ ತೆಗೆದೆ. ಪಾರ್ಟ್ ಬಿಸಾಡಬೇಡಿ ಅಂತ ಈಮೇಲ್ ಹಾಕಿದೆ. ಸ್ಕ್ಯಾನ್ ಕೇಳಿದ್ದಕ್ಕೆ "ಅದೆಲ್ಲ ಬೇಕಾಗಲ್ಲ ಮೇಡಂ" ಅಂದರು. ಬೇಕು ಅಂತ ಕೂತೆ. ಸಂಜೆ ಮಾಡಿಕೊಡುತ್ತೇವೆ ಅಂದಿದ್ದಾರೆ.

ಹಳೇ ಕ್ಲೇಮ್ ಡೆಸ್ಕ್

ನಾನು 26 ವರ್ಷ ಮೋಟರ್ ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತ ಆದವನು. ಮೇಜಿನ ಆ ಕಡೆ ಕೂತು ಇಂಥ ಪತ್ರಗಳಿಗೆ ನಾನೇ ಸಹಿ ಹಾಕಿದ್ದೇನೆ. ಅದಕ್ಕೇ ಇದನ್ನು ವಿವರವಾಗಿ ಬರೆಯಬೇಕು ಅನ್ನಿಸಿತು.

ತಾಯಿ, ಮೊದಲು ನಿಮ್ಮ ಪಾಲಿಸಿ ಪುಸ್ತಕ ಪೂರ್ತಿ ತರಿಸಿಕೊಳ್ಳಿ. ಎರಡು ಪುಟದ ಷೆಡ್ಯೂಲ್ ಅಲ್ಲ, ಪೂರ್ತಿ ನಿಯಮಾವಳಿ. ಅದರ ಮೊದಲ ಭಾಗದಲ್ಲೇ ಯಾವ ಯಾವ ಕಾರಣಕ್ಕೆ ಹಾನಿ ಆದರೆ ಕೊಡುತ್ತೇವೆ ಅನ್ನೋ ಪಟ್ಟಿ ಇರುತ್ತೆ. ಬೆಂಕಿ, ಕಳವು, ಭೂಕಂಪ, ಅಪಘಾತ ಇವುಗಳ ಜೊತೆ ಪ್ರವಾಹ, ನೀರು ಆವರಿಸುವುದು ಅಂತಲೂ ಸ್ಪಷ್ಟವಾಗಿ ಇರುತ್ತೆ. ಅದರ ಕೆಳಗೆ ಹೊರಗಿಟ್ಟವುಗಳ ಸಾಲು. ಕಾನ್ಸಿಕ್ವೆನ್ಷಿಯಲ್ ಲಾಸ್, ಸವಕಳಿ, ತಾನಾಗಿ ಕೆಟ್ಟು ನಿಲ್ಲುವುದು ಇತ್ಯಾದಿ. ಇನ್ನೊಂದು ಕಡೆ ಷರತ್ತುಗಳಲ್ಲಿ, ಹಾನಿಯಾದ ಗಾಡಿಯನ್ನು ರಿಪೇರಿ ಮಾಡಿಸದೆ ಓಡಿಸಿ ಹಾನಿ ಜಾಸ್ತಿ ಆದರೆ ಆ ಜಾಸ್ತಿ ಆದ ಭಾಗ ನಿಮ್ಮ ಹೊಣೆ ಅಂತ ಇರುತ್ತೆ.

ಈ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಅಲೆ ಬಡಿದು ಓಡುತ್ತಿದ್ದ ಎಂಜಿನ್‌ಗೆ ನೀರು ಹೋಗಿ ರಾಡು ಬಗ್ಗಿದರೆ ಅದು ಪ್ರವಾಹದ ನೇರ ಹಾನಿ. ನಿಂತ ಮೇಲೆ ಸ್ಟಾರ್ಟ್ ಮಾಡಿ ಬಗ್ಗಿಸಿದರೆ ಅದು ಮಾಲೀಕರು ಆಮೇಲೆ ತಂದುಕೊಂಡ ಹಾನಿ. ಕಂಪನಿಗೆ ಎರಡನೇದು ಅಂದರೆ ಅನುಕೂಲ, ಹಾಗಾಗಿ ನೀರಿನ ಕೇಸು ಬಂದ ಕೂಡಲೇ ಕೈ ಅಭ್ಯಾಸಬಲದಿಂದ "ಮಾಲೀಕರು ಸ್ಟಾರ್ಟ್ ಮಾಡಿದ್ದಾರೆ" ಅಂತ ಬರೆದುಬಿಡುತ್ತೆ. ಆದರೆ ಪಾಲಿಸಿಯಲ್ಲಿ ಇದು ಬರಲ್ಲ ಅಂತ ಹೇಳುವವರೇ ಅದನ್ನು ತೋರಿಸಬೇಕು. ಬರೀ ಊಹೆ ಸಾಲದು. ರಿಂಗ್‌ರೋಡ್ ರಾಯರು ಹೇಳಿದ ಆಡ್‌ಆನ್ ಮಾತನ್ನು ಕಂಪನಿ ಖಂಡಿತ ಎತ್ತುತ್ತೆ, ಮತ್ತು ತೀರ್ಪುಗಳು ಎರಡೂ ಕಡೆ ಬಂದಿವೆ, ಅದನ್ನು ಮುಚ್ಚಿಡಲ್ಲ. ಆದರೆ ಆಡ್‌ಆನ್ ತಗೊಂಡಿಲ್ಲ ಅನ್ನುವ ಒಂದೇ ಕಾರಣಕ್ಕೆ ಮೂಲ ಪಾಲಿಸಿಯಲ್ಲಿರುವ ಪ್ರವಾಹ ಅನ್ನುವ ಪದ ಅಳಿಸಿಹೋಗಲ್ಲ.

ನಿಮ್ಮ ಪತ್ರದಲ್ಲಿ "ಮತ್ತೆ ಮತ್ತೆ" ಅಂತ ಬರೆದಿದ್ದಾರಲ್ಲ, ಅದನ್ನೇ ಹಿಡಿದುಕೊಳ್ಳಿ. ಎಷ್ಟು ಸಲ? ಯಾರು ನೋಡಿದರು? ಯಾವ ಭಾಗ ಪರೀಕ್ಷೆ ಮಾಡಿ ತಿಳಿಯಿತು? ಸ್ಟಾರ್ಟರ್ ಮೋಟರ್ ಬಿಚ್ಚಿ ನೋಡಿದರಾ? ಇಸಿಯು ಓದಿದರಾ? ಬರವಣಿಗೆಯಲ್ಲಿ ಕೇಳಿ. ಸರ್ವೇ ರಿಪೋರ್ಟಿನ ಪ್ರತಿ ಕೇಳಿ, ಅದು ಕೇಳಿದರೆ ಕೊಡಬೇಕಾದ ದಾಖಲೆ. ಸರ್ವೇಯರ್ ಬರೆದದ್ದೇ ಕೊನೆ ಮಾತು ಅಂತ ಯಾರಾದರೂ ಹೇಳಿದರೆ, ಹಾಗಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲೇ ನ್ಯೂ ಇಂಡಿಯಾ ಅಶೂರೆನ್ಸ್ ಮತ್ತು ಪ್ರದೀಪ್ ಕುಮಾರ್ ಕೇಸಲ್ಲಿ ಹೇಳಿದೆ. ರಿಪೋರ್ಟಿಗೆ ತೂಕ ಇದೆ, ಆದರೆ ಅದನ್ನು ಬಿಟ್ಟು ತೀರ್ಮಾನ ಮಾಡಲೇಬಾರದು ಅಂತೇನಿಲ್ಲ.

ಕ್ಲೇಮ್ ಫಾರಂ ವಿಷಯ. ಸಹಿ ಹಾಕಿದ್ದೀರಿ, ಅದನ್ನು ಅಲ್ಲಗಳೆಯಬೇಡಿ. ಯಾರ ಕೈಬರಹ, ನಿಮಗೆ ಓದಿ ಹೇಳಿದರಾ ಇಲ್ಲವಾ, ನಿಜವಾಗಿ ಏನು ನಡೆಯಿತು, ಅಷ್ಟನ್ನು ನೇರವಾಗಿ ಬರೆಯಿರಿ. ಕೀ ತಿರುಗಿಸಿದ್ದನ್ನೂ ಬರೆಯಿರಿ, ಗಾಜು ಇಳಿಸಲು ಅನ್ನುವುದನ್ನೂ ಬರೆಯಿರಿ. "ಮುಟ್ಟೇ ಇಲ್ಲ" ಅಂತ ಹೇಳಲು ಹೋದರೆ ಅವರ ಹತ್ತಿರ ಸರ್ವೇಯರ್ ಟಿಪ್ಪಣಿ ಇದೆ, ನಿಮ್ಮ ಮಾತಿನ ಮೇಲಿನ ನಂಬಿಕೆಯೇ ಹೋಗುತ್ತೆ. ಇಗ್ನಿಷನ್ ಆನ್ ಮಾಡುವುದು ಬೇರೆ, ಸ್ಟಾರ್ಟ್ ಮಾಡುವುದು ಬೇರೆ. ಗಾಜು ಇಳಿಯಲು ಆನ್ ಸಾಕು ಅಂತ ಯಾವ ಡ್ರೈವರ್‌ಗೂ ಗೊತ್ತಿರುತ್ತೆ.

ಮಳೆಗೂ ದಾಖಲೆ ಇಡಿ. ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರ ಕೆಎಸ್‌ಎನ್‌ಡಿಎಂಸಿಯವರ ಮಳೆ ಮಾಪನದ ಅಂಕಿ ಸಿಗುತ್ತೆ, ಆ ದಿನದ ಪತ್ರಿಕೆ ತುಣುಕು ಇರುತ್ತೆ. ಅಂಡರ್‌ಪಾಸ್ ಹತ್ತಿರ ಅಂಗಡಿ ಇದ್ದರೆ ಸಿಸಿಟಿವಿ ಕೇಳಿ ನೋಡಿ. ನಿಮ್ಮ ಯಜಮಾನರಿಗೆ ಮಾಡಿದ ಕಾಲ್ ಎಷ್ಟು ಗಂಟೆಗೆ ಅಂತ ಫೋನಲ್ಲಿ ಇರುತ್ತಲ್ಲ, ಅದರ ಸ್ಕ್ರೀನ್‌ಶಾಟ್ ತೆಗೆದಿಡಿ.

ದಾರಿ ಹೀಗಿದೆ. ಕಂಪನಿಯ ಗ್ರೀವೆನ್ಸ್ (ದೂರು) ಅಧಿಕಾರಿಗೆ ಈಮೇಲ್ ಹಾಕಿ, ದೂರಿನ ನಂಬರ್ ತಗೊಳ್ಳಿ. 14 ದಿನದೊಳಗೆ ಉತ್ತರ ಕೊಡಬೇಕು. ಜೊತೆಗೇ ವಿಮಾ ಕಂಪನಿಗಳ ಸರ್ಕಾರಿ ನಿಯಂತ್ರಕ ಐಆರ್‌ಡಿಎಐನ ದೂರು ಪೋರ್ಟಲ್ ಬಿಮಾ ಭರೋಸಾದಲ್ಲೂ ನೋಂದಾಯಿಸಿ, ಫೋನ್ ಆದರೆ 155255. ಅಲ್ಲಿ ಕೂತು ಯಾರೂ ತೀರ್ಪು ಬರೆಯಲ್ಲ, ಆದರೆ ದೂರು ಅವರ ಕಣ್ಣಿಗೆ ಬೀಳುತ್ತೆ ಅನ್ನುವುದು ಕಂಪನಿಗೆ ಗೊತ್ತಾಗುತ್ತೆ. ಉತ್ತರ ಸರಿಯಾಗಿ ಬರದಿದ್ದರೆ, ಅಥವಾ ಒಂದು ತಿಂಗಳು ಸುಮ್ಮನಿದ್ದರೆ, ವಿಮಾ ಓಂಬುಡ್ಸ್‌ಮನ್, ಅಂದ್ರೆ ವಿಮೆಯ ದೂರು ಕೇಳಿ ತೀರ್ಮಾನ ಕೊಡುವ ಅಧಿಕಾರಿ. ನಮ್ಮ ರಾಜ್ಯಕ್ಕೆ ಕಚೇರಿ ಬೆಂಗಳೂರಲ್ಲೇ ಇದೆ, ಜೆ.ಪಿ. ನಗರ ಮೊದಲ ಹಂತ, ಜೀವನ್ ಸೌಧ. ಶುಲ್ಕ ಇಲ್ಲ, ವಕೀಲರು ಬೇಡ, ಇಟ್ಟುಕೊಳ್ಳುವಂತೆಯೂ ಇಲ್ಲ. ಕಂಪನಿ ತಿರಸ್ಕರಿಸಿದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು. ಅಲ್ಲಿ ಬಂದ ಅವಾರ್ಡ್ ಕಂಪನಿಯನ್ನು ಕಟ್ಟಿಹಾಕುತ್ತೆ, 30 ದಿನದಲ್ಲಿ ಕೊಡಬೇಕು. ನಿಮಗೆ ಒಪ್ಪಿಗೆ ಆಗದಿದ್ದರೆ ನೀವು ಮುಂದೆ ಹೋಗಬಹುದು.

ಪಾರ್ಕಿಂಗ್ ಬಾಡಿಗೆಗೆ ಹೆದರಿ ತೀರ್ಮಾನ ಮಾಡಬೇಡಿ. ತೀರ್ಮಾನ ಆಗದಿರುವುದು ಕಂಪನಿಯಿಂದ ಅಂತ ಬರೆದು ಆ ದುಡ್ಡನ್ನೂ ದೂರಿನಲ್ಲಿ ಸೇರಿಸಿ. ಸಿಕ್ಕೇ ಸಿಗುತ್ತೆ ಅಂತ ಹೇಳಲ್ಲ, ಆದರೆ ಕೇಳದಿದ್ದರೆ ಖಂಡಿತ ಸಿಗಲ್ಲ.

ಕುಡ್ಲದ ಅಮ್ಮ

ಹಳೇ ಕ್ಲೇಮ್ ಡೆಸ್ಕ್ ಸರ್ ಬರೆದದ್ದಕ್ಕೆ ಒಂದು ಸೇರಿಸಬೇಕು. ಆ 18,600ಕ್ಕೆ ಒಂದು ವೋಚರ್ ಕಳಿಸುತ್ತಾರೆ, ಪೂರ್ಣ ಮತ್ತು ಅಂತಿಮ ಅಂತ ಬರೆದಿರುತ್ತೆ. ಸುಮ್ನೆ ಸಹಿ ಹಾಕಬೇಡಿ.

ನಮಗೆ ಹೋದ ವರ್ಷ ಶಿರಾಡಿ ಘಾಟಿಯಲ್ಲಿ ಹಿಂದಿನಿಂದ ಲಾರಿ ಬಂದು ಗುದ್ದಿತು. ನಾವು ನಿಂತಿದ್ದೆವು, ಮುಂದೆ ಟ್ರಾಫಿಕ್ ಜಾಮ್. ಸರ್ವೇಯರ್ ಏನು ಬರೆದರು ಗೊತ್ತಾ, ಮುಂದಿನ ಬಂಪರ್ ಹಾನಿ ಈ ಅಪಘಾತದ್ದಲ್ಲ, ಹಳೇದು ಅಂತ. ಹಿಂದಿನಿಂದ ಗುದ್ದಿದ ರಭಸಕ್ಕೆ ನಾವು ಮುಂದಿನ ಗಾಡಿಗೆ ತಾಗಿದ್ದು! ನನ್ನ ಮಗ ವೋಚರ್‌ಗೆ ಓದದೆ ಸಹಿ ಹಾಕಿ ಕಳಿಸಿದ. ಆಮೇಲೆ ಕೇಳಿದರೆ "ಅಂತಿಮ ಅಂತ ಒಪ್ಪಿದ್ದೀರಲ್ಲ" ಅನ್ನುವ ಒಂದೇ ಉತ್ತರ, ಐದು ತಿಂಗಳು. ಕೊನೆಗೆ ಗುರುತಿನ ವಕೀಲರು ಒಬ್ಬರು ಹೇಳಿದರು, ವೋಚರ್‌ಗೆ ಸಹಿ ಹಾಕಿದರೂ ಪಾಲಿಸಿದಾರರ ಹಕ್ಕು ಹೋಗಲ್ಲ ಅಂತ ಐಆರ್‌ಡಿಎಐ 2015ರಲ್ಲೇ ಸುತ್ತೋಲೆ ಹೊರಡಿಸಿದೆ ಅಂತ. ಅದನ್ನು ಹಾಕಿ ಬರೆದ ಮೇಲೆ ಫೈಲ್ ತೆರೆದರು. ಆದರೂ ಆ ಐದು ತಿಂಗಳ ಸಂಕಟ ಬೇಡ ನಿಮಗೆ. ಸಹಿ ಹಾಕಲೇಬೇಕಾದರೆ "ಆಕ್ಷೇಪಣೆ ಉಳಿಸಿಕೊಂಡು ಪಡೆದಿದ್ದೇನೆ" ಅಂತ ಕೈಯಲ್ಲಿ ಬರೆದು, ಅದರ ಫೋಟೊ ತೆಗೆದು, ಆಮೇಲೆ ಕೊಡಿ.

ಇನ್ನೊಂದು. ತಪ್ಪು ಯಾರದೇ ಇರಲಿ, ಕ್ಲೇಮ್ ತಗೊಂಡರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತೆ. ನಮ್ಮದು 35 ಪರ್ಸೆಂಟ್ ಇತ್ತು, ಸೊನ್ನೆಗೆ ಬಂತು. ಇದು ನನಗೆ ಈಗಲೂ ಅನ್ಯಾಯ ಅಂತಲೇ ಅನ್ನಿಸುತ್ತೆ. ನಿಮಗೆ 18,600 ಮಾತ್ರ ಬರುವುದಾದರೆ ಬೋನಸ್ ಕಳೆದುಕೊಳ್ಳುವುದಕ್ಕೆ ಅದು ಸರಿಹೋಗುತ್ತಾ ಅಂತ ಲೆಕ್ಕ ಹಾಕಿ.

ತುಮಕೂರು ತಮ್ಮ

ಓಂಬುಡ್ಸ್‌ಮನ್ ಬಿಟ್ಟು ನೇರವಾಗಿ ಗ್ರಾಹಕರ ಆಯೋಗಕ್ಕೆ ಹೋದರೆ ಆಗಲ್ವಾ? ಅಲ್ಲಿ ಮಾನಸಿಕ ಹಿಂಸೆಗೂ ಪರಿಹಾರ ಕೇಳಬಹುದು ಅಲ್ವಾ?

ಹಳೇ ಕ್ಲೇಮ್ ಡೆಸ್ಕ್

ಹೋಗಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಎರಡು ವರ್ಷದ ಅವಧಿ ಇದೆ, 5 ಲಕ್ಷದವರೆಗಿನ ಕೇಸಿಗೆ ಶುಲ್ಕ ಇಲ್ಲ. ಸೇವಾ ಲೋಪ, ಮಾನಸಿಕ ಹಿಂಸೆ, ಖರ್ಚು ಎಲ್ಲ ಕೇಳಬಹುದು. ಆದರೆ ಒಂದು ಎಚ್ಚರ. ಅಲ್ಲಿ ಕೇಸು ಹಾಕಿದ ಮೇಲೆ ಅದೇ ವಿಷಯಕ್ಕೆ ಓಂಬುಡ್ಸ್‌ಮನ್ ಹತ್ತಿರ ಹೋಗಲು ಬರಲ್ಲ. ಈ ತಾಯಿಯ ಕೇಸು ಒಂದೇ ಪ್ರಶ್ನೆಯದು, ಸ್ಟಾರ್ಟ್ ಮಾಡಿದರೋ ಇಲ್ಲವೋ. ಅಂಥದ್ದಕ್ಕೆ ಮೊದಲು ಓಂಬುಡ್ಸ್‌ಮನ್ ಅನ್ನುವುದು ನನ್ನ ಅಭಿಪ್ರಾಯ. ಆಯೋಗದಲ್ಲಿ ವಾಯಿದೆ ಮೇಲೆ ವಾಯಿದೆ ಬೀಳುತ್ತೆ, ಅಲ್ಲಿಯವರೆಗೆ ಕಾರು ತುಕ್ಕು ಹಿಡಿಯುತ್ತೆ.

ಹೊರಮಾವಿನವಳು

ಎಲ್ಲರಿಗೂ ಮತ್ತೆ ನಮಸ್ಕಾರ. ನವೆಂಬರ್ ಬಂತು. ಆಗ ಅಷ್ಟು ಕಾಳಜಿಯಿಂದ ಬರೆದಿದ್ದಿರಿ, ಏನಾಯಿತು ಅಂತ ಹೇಳಬೇಕು.

ಸ್ಕ್ಯಾನ್ ರಿಪೋರ್ಟ್ ಆ ಸಂಜೆನೇ ಸಿಕ್ಕಿತು. ಎರಡು ಕೋಡ್ ಬಿದ್ದಿದ್ದವು. ಒಂದರ ಫ್ರೀಝ್ ಫ್ರೇಮಲ್ಲಿ ಎಂಜಿನ್ 1,640 ಆರ್‌ಪಿಎಮ್, ಸ್ಪೀಡ್ 9 ಕಿಲೋಮೀಟರ್. ಸ್ಪ್ಯಾನರ್ ಅಣ್ಣ, ಆ ಹಾಳೆ ಕೈಯಲ್ಲಿ ಹಿಡಿದುಕೊಂಡು ವರ್ಕ್‌ಶಾಪಿನ ಹೊರಗಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ನಾನು ಹೇಳಿದ್ದು ಸುಳ್ಳಲ್ಲ ಅಂತ ಒಂದು ಯಂತ್ರವಾದರೂ ಹೇಳಿತಲ್ಲ ಅಂತ.

ಕಂಪನಿಗೆ ಪತ್ರ ಬರೆದೆ. ಸರ್ ಹೇಳಿದ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳಿದೆ. ಕೀ ತಿರುಗಿಸಿದ್ದನ್ನೂ ಮುಚ್ಚಿಡದೆ ಬರೆದೆ. ಕ್ಲೇಮ್ ಫಾರಂ ಬಗ್ಗೆ ವರ್ಕ್‌ಶಾಪಿನ ಹುಡುಗನನ್ನು ಕೇಳಿದಾಗ ಅವನು ಪಾಪ ಒಪ್ಪಿಕೊಂಡ, ನೀರಿನ ಕೇಸಿಗೆಲ್ಲ ಅದೇ ವಾಕ್ಯ ಬರೆಯುವುದು ಅಭ್ಯಾಸ ಅಂತ. ಅದನ್ನು ಅವನ ಮ್ಯಾನೇಜರಿಂದ ಈಮೇಲಲ್ಲಿ ತಗೊಳ್ಳಲು ಎಂಟು ದಿನ ಓಡಾಡಿದೆ. ಕೊಟ್ಟರು.

ಗ್ರೀವೆನ್ಸ್‌ನವರು 13ನೇ ದಿನ ಉತ್ತರ ಕೊಟ್ಟರು. ಮೊದಲಿನ ಪತ್ರದ್ದೇ ಮಾತು, ತಾರೀಖು ಮಾತ್ರ ಬೇರೆ. ನನ್ನ ಒಂದು ಪ್ರಶ್ನೆಗೂ ಉತ್ತರ ಇಲ್ಲ. ಸರ್ವೇ ರಿಪೋರ್ಟ್ ಮಾತ್ರ ಕಳಿಸಿದರು. ಅದರಲ್ಲಿ ಸ್ಟಾರ್ಟ್ ಮಾಡಿದ್ದರ ಬಗ್ಗೆ ಇದ್ದದ್ದು ಒಂದೇ ಸಾಲು, "ವಿಮಾದಾರರು ಕೀ ತಿರುಗಿಸಿದ್ದಾಗಿ ತಿಳಿಸಿದ್ದಾರೆ." ಗಾಜು ಇಳಿಸಲು ಅನ್ನುವ ಮಾತು ಬಿಟ್ಟುಹೋಗಿದೆ. ಅಷ್ಟೇ ಅವರ ಹತ್ತಿರ ಇದ್ದ ಸಾಕ್ಷಿ.

ಓಂಬುಡ್ಸ್‌ಮನ್‌ಗೆ ಹಾಕಿದೆ. ಒಂದು ಒಪ್ಪಿಗೆ ಫಾರಂ ಕಳಿಸಿದರು, ತುಂಬಿ ಕೊಟ್ಟೆ. ವಿಚಾರಣೆ ವಿಡಿಯೋ ಕಾಲಲ್ಲಿ ಆಯಿತು, ಅರ್ಧ ಗಂಟೆಯೂ ಆಗಲಿಲ್ಲ. ಮೊದಲು ನನ್ನನ್ನು ಮಾತಾಡಲು ಬಿಟ್ಟರು. ಎಲ್ಲಿಂದ ಶುರು ಮಾಡಲಿ ಅಂತ ಗೊತ್ತಾಗದೆ ಅಲೆ ಬಡಿದದ್ದರಿಂದ ಶುರು ಮಾಡಿದೆ. ಆಮೇಲೆ ಕಂಪನಿಯ ಅಧಿಕಾರಿಗೆ ಕೇಳಿದರು, ಸ್ಟಾರ್ಟ್ ಮಾಡಿದ್ದಾರೆ ಅನ್ನುವುದಕ್ಕೆ ಈ ಒಂದು ಸಾಲು ಬಿಟ್ಟು ಬೇರೇನಿದೆ? ಅವರು ಆಡ್‌ಆನ್ ತಗೊಂಡಿಲ್ಲ ಅಂದರು. ಅದು ನಾನು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲ ಅಂತ ಓಂಬುಡ್ಸ್‌ಮನ್ ಅಂದರು. ಫ್ರೀಝ್ ಫ್ರೇಮ್ ಹಾಳೆ ನೋಡಿದ್ದೀರಾ ಅಂತ ಕೇಳಿದಾಗ, ನಮ್ಮ ಫೈಲಲ್ಲಿ ಇದೆ, ಸರ್ವೇಯರ್‌ಗೆ ಕಳಿಸಿಲ್ಲ ಅಂದರು.

ಕೊನೆಗೆ ಎಂಜಿನ್ ಭಾಗದ್ದು ಕೊಡಬೇಕು ಅಂತ ಆಯಿತು. ಎಂಜಿನ್ ಆಯಿಲ್, ಕೂಲಂಟ್ ಬಿಟ್ಟರು, ಅದಕ್ಕೆ ಬೇರೆ ಆಡ್‌ಆನ್ ಬೇಕಂತೆ. ಕಡ್ಡಾಯವಾಗಿ ಕಳೆಯುವ 1,000 ಕಳೆದರು. ಟೋಯಿಂಗ್‌ಗೆ ಪಾಲಿಸಿಯಲ್ಲಿ ಇದ್ದದ್ದು 1,500, ಅಷ್ಟೇ ಕೊಟ್ಟರು. ಪಾರ್ಕಿಂಗ್ ದುಡ್ಡು ಸಿಗಲಿಲ್ಲ. ವರ್ಕ್‌ಶಾಪಿನವರು ಅರ್ಧ ಬಿಟ್ಟರು, ಮಿಕ್ಕದ್ದು ನಾನೇ ಕಟ್ಟಿದೆ. ಬೋನಸ್ಸೂ ಹೋಯಿತು. ಆದರೂ ಎಂಜಿನ್ ದುಡ್ಡು ಆದೇಶ ಬಂದ 24ನೇ ದಿನ ಬಂತು. ಕಾರು ಮನೆ ಮುಂದೆ ಇದೆ.

ಆ ಪತ್ರದಲ್ಲಿ ಇದ್ದ "ಮಾಲೀಕರ ನಿರ್ಲಕ್ಷ್ಯ" ಅನ್ನುವ ಮಾತು ಹೋಯಿತಲ್ಲ, ನನಗೆ ಅದು ದುಡ್ಡಿಗಿಂತ ದೊಡ್ಡದು. ಮಗು ಹಿಂದೆ ಮಲಗಿದ್ದಾಗ ನಾನು ಮಾಡಿದ್ದು ಸರಿಯಾಗಿಯೇ ಇತ್ತು.

ರಿಂಗ್‌ರೋಡ್ ರಾಯ

ಮೇಡಂ, ಓದಿ ಮನಸ್ಸು ತುಂಬಿ ಬಂತು. ಕಷ್ಟ ಅಂತ ನಾನೇ ಹೇಳಿದ್ದೆ. ನಮ್ಮ ಅಪಾರ್ಟ್‌ಮೆಂಟಿನ ಆ ಇಬ್ಬರಿಗೂ ಈ ಲಿಂಕ್ ಕಳಿಸಿದೆ. ಅವರದು 2022ರದ್ದು, ಅವಧಿ ಮುಗಿದುಹೋಗಿದೆ. ಆವತ್ತೇ ಯಾರಾದರೂ ಹೇಳಿದ್ದರೆ ಅನ್ನಿಸಿತು.

ತುಮಕೂರು ತಮ್ಮ

ಅಕ್ಕಾ, ಒಂದು ಕೇಳಬೇಕಿತ್ತು. ನಮ್ಮ ಮಾವನ ಕಾರೂ ಹೋದ ತಿಂಗಳು ಹಳ್ಳದ ನೀರಲ್ಲಿ ನಿಂತಿದೆ, ಇನ್ನೂ ಬಿಚ್ಚಿಲ್ಲ. ಸರ್ವೇಯರ್ ನಾಳಿದ್ದು ಬರುತ್ತಾರೆ. ಸ್ಕ್ಯಾನ್ ಮೊದಲು ಮಾಡಿಸಬೇಕಾ, ಅವರು ಬಂದ ಮೇಲಾ?

ಹೊರಮಾವಿನವಳು

ಅವರ ಎದುರಿಗೇ ಮಾಡಿಸಿ ತಮ್ಮಾ, ಪ್ರಿಂಟ್ ತೆಗೆದು ಅದರ ಮೇಲೆ ತಾರೀಖು ಹಾಕಿಸಿ. ಅಲ್ಲಿಯವರೆಗೆ ಕೋಡ್ ಕ್ಲಿಯರ್ ಮಾಡಬೇಡಿ, ಬ್ಯಾಟರಿನೂ ತೆಗೆಯಬೇಡಿ ಅಂತ ಗ್ಯಾರೇಜಿಗೆ ಇವತ್ತೇ ಬರೆದು ಕಳಿಸಿ. ಅವರು ಕೀ ತಿರುಗಿಸಿದ್ರಾ ಅಂತ ಕೇಳಿದರೆ, ಮಾವನವರು ಏನು ಮಾಡಿದರೋ ಅದನ್ನು ಪೂರ್ತಿ ಹೇಳಲಿ, ಹೇಳಿದ್ದನ್ನು ಅವರು ಬರೆದುಕೊಂಡ ಮೇಲೆ ಒಂದು ಸಲ ಓದಿಸಿಕೊಳ್ಳಲಿ. ಫಾರಂ ನೀವೇ ತುಂಬಿ.